ಹುಕ್ ಎತ್ತರ, ಮುಂದಿನ ಗಾಲಿ ಹಗುರ
ಕಬ್ಬಿನ ಹಂಗಾಮು ಬಂತೆಂದರೆ ಕಲಘಟಗಿ ಕಡೆಯಿಂದ ಹಳಿಯಾಳದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಎರಡೆರಡು ಡಬ್ಬಿ (ಟ್ರೇಲರ್). ಅತ್ತ ನವಲಗುಂದ, ಅಣ್ಣಿಗೇರಿಯ ಎರೆಸೀಮೆಯಲ್ಲಿ ಹೊಟ್ಟು, ಹತ್ತಿ ತುಂಬಿದ ಡಬ್ಬಿಗಳು ರಸ್ತೆಯ ಅಗಲವನ್ನೆಲ್ಲ ನುಂಗಿಕೊಂಡು ಬರುತ್ತವೆ. ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನೋಡಿ ಬಂದ ಹುಡುಗರು ಎಂಜಿನ್ 45 ಎಚ್‌ಪಿಯೋ 50 ಎಚ್‌ಪಿಯೋ ಎಂದು ಕೇಳುತ್ತಾರೆಯೇ ಹೊರತು, ಡಬ್ಬಿ ಕಟ್ಟುವ ಹುಕ್ ಎಷ್ಟು ಎತ್ತರದಲ್ಲಿದೆ ಎಂದು ಬಗ್ಗಿ ನೋಡುವುದು ಕಡಿಮೆ. ಡಬ್ಬಿಯನ್ನು ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿ ಏರಿನಲ್ಲಿ ಕ್ಲಚ್ ಬಿಟ್ಟರೆ ಮುಂದಿನ ಗಾಲಿ ನೆಲ ಬಿಡುತ್ತದೆ. ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಬಂಪರಿನ ಮೇಲೆ ಕಲ್ಲು, ಉಸುಕಿನ ಚೀಲ ಹೇರುವುದು ಅರೆ ಮದ್ದು. ಇಳಿಜಾರಿನ ಕಥೆ ಬೇರೆ. ಬಹಳಷ್ಟು ಡಬ್ಬಿಗಳಿಗೆ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರ್ ನಿಲ್ಲಹೊರಟರೂ ಹಿಂದಿನ ಭಾರ ಅದನ್ನು ದೂಡಿ ಅಡ್ಡ ತಿರುಗಿಸುತ್ತದೆ. ಹೊಲದಲ್ಲಿ ಸಾಲಿನ ತುದಿಗೆ ಗಕ್ಕನೆ ತಿರುಗಲೆಂದು ಬಿಡಿಯಾಗಿಟ್ಟ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಡಾಂಬರಿಗೆ ಬಂದಾಗ ಕೊಂಡಿ ಹಾಕಿ ಜೋಡಿಸದಿದ್ದರೆ, ಒಂದೇ ಗಾಲಿ ಕಚ್ಚಿ ಪಲ್ಟಿಯಾಗುವ ಅಪಾಯ. ಚಕ್ಕಡಿ ಹೇರುತ್ತಿದ್ದ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು: ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಹೋಗುತ್ತದೆ. ಎರಡು ಗಾಲಿಯ ಡಬ್ಬಿಗೂ ಅದೇ ನಿಯಮ. ಆದ್ದರಿಂದ ಹುಕ್ ಕೆಳಗಿರಲಿ, ಪೆಡಲ್ ಜೋಡಿಯಾಗಿರಲಿ, ಹಿಂದೆ ರಿಫ್ಲೆಕ್ಟರ್ ಹೊಳೆಯಲಿ. ಬ್ರೇಕಿಲ್ಲದ ಎರಡನೇ ಡಬ್ಬಿ ಮಾತ್ರ ಮನೆಯಲ್ಲೇ ಇರಲಿ.