ಮಿತಪಾನದ ಲೆಕ್ಕ

ದಿನಕ್ಕೊಂದು ಲೋಟ ದ್ರಾಕ್ಷಾಮದ್ಯವು ಸ್ತ್ರೀಯರ ಹೃದಯಕ್ಕೆ ಹಿತಕರವೆಂಬ ಮಾತು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಮಾತು ತೀರ ನಿರಾಧಾರವಲ್ಲ. ಮಿತಪಾನದಿಂದ, ‘ಒಳ್ಳೆಯದು’ ಎನಿಸಿಕೊಂಡ ಎಚ್‌ಡಿಎಲ್ ಕೊಲೆಸ್ಟರಾಲು ರಕ್ತದಲ್ಲಿ ತುಸು ಏರುವುದು ನಿಜ. ಏರಿದ ಮಾತ್ರಕ್ಕೆ ಹೃದಯವು ಉಳಿಯಿತೆ? ವಂಶಗುಣದಿಂದ ಹುಟ್ಟಿನಲ್ಲಿಯೇ ಈ ಅಂಶವು ಹೆಚ್ಚಾಗಿದ್ದವರಿಗೂ ಹೃದಯಾಘಾತವೇನೂ ಕಡಮೆಯಾಗಿರಲಿಲ್ಲವೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮಿತಪಾನದ ವಿವಾದವನ್ನು ತೀರಿಸಲೆಂದು ಅಮೆರಿಕೆಯ ಸರಕಾರೀ ಆರೋಗ್ಯ ಸಂಸ್ಥೆಯು ಕೈಗೊಂಡ ಪರೀಕ್ಷೆಗೆ ಹಣದ ವಾಗ್ದಾನ ಮಾಡಿದವರಾದರೂ ಯಾರು? ಮದ್ಯದ ಉದ್ಯಮಿಗಳೇ! ಆ ಹಣವನ್ನು ಅಧಿಕಾರಿಗಳೇ ಯಾಚಿಸಿದ್ದರೆಂಬುದು ಬಯಲಾಗಿ, 2018ರಲ್ಲಿ ಪರೀಕ್ಷೆಯು ನಿಂತುಹೋಯಿತು. ಸ್ತನದ ಕ್ಯಾನ್ಸರಿನ ಅಪಾಯವಾದರೋ ದಿನಕ್ಕೊಂದು ಲೋಟದಿಂದಲೂ ಹೆಚ್ಚುವುದು. ಸ್ತ್ರೀಯರಿಗೆ ‘ಸ್ವಲ್ಪವಾದರೆ ಅಡ್ಡಿಯಿಲ್ಲ’ ಎನ್ನುವ ವೈದ್ಯರು ಕೊಲೆಸ್ಟರಾಲಿನ ಲೆಕ್ಕದೊಡನೆ ಈ ಲೆಕ್ಕವನ್ನೂ ತಿಳಿಸತಕ್ಕದ್ದೆಂದು ನಾವು ಆಗ್ರಹಪಡಿಸುತ್ತೇವೆ.