ತಂಟೆ ಮಾಡದ ಮಕ್ಕಳ ತಂಟೆಗೆ ಯಾರೂ ಹೋಗುತ್ತಿಲ್ಲ

ಯಾವುದೇ ಪಿಯು ಉಪನ್ಯಾಸಕರನ್ನು ಕೇಳಿ ನೋಡಿ. ಪಾಠ ಮುಗಿಸಿ ‘ಡೌಟ್ ಇದೆಯಾ?’ ಎಂದರೆ ತರಗತಿಯಲ್ಲಿ ಪಿಟ್ಟೆನ್ನುವವರಿಲ್ಲ. ರಾತ್ರಿ ಹತ್ತೂವರೆಗೆ ಕೊನೆಯ ಬೆಂಚಿನ ಹುಡುಗನ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: ‘ಸರ್, ಮೂರನೇ ಪ್ರಾಬ್ಲಂ ಅರ್ಥ ಆಗ್ಲಿಲ್ಲ’. ಮರುದಿನ ಅವನನ್ನು ಎಬ್ಬಿಸಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿದರೆ ಕಿವಿಯವರೆಗೂ ಕೆಂಪಾಗಿ ಡೆಸ್ಕ್ ನೋಡುತ್ತ ನಿಲ್ಲುತ್ತಾನೆ. ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯುವುದೆಂದರೆ ಅವನಿಗೆ ಜೀವ ಹೋದಂತೆ, ಅಷ್ಟೇ. ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆಂದು ವರ್ಷಗಳಿಂದ ಬೊಬ್ಬೆ ಹೊಡೆಯುತ್ತಿದ್ದೇವೆ. ಈ ಹುಡುಗ ಮಾತ್ರ ಆ ಬೊಬ್ಬೆಯ ಲೆಕ್ಕಕ್ಕೇ ಬಂದಿಲ್ಲ.

ಸಂಕೋಚ ರೋಗವಲ್ಲ, ಹೊಸದೂ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು ಶೇ 40ರಷ್ಟು ಮಂದಿ ತಾವು ಸಂಕೋಚದವರೆಂದು ಹೇಳಿಕೊಂಡಿದ್ದರು. ಹದಿಹರೆಯದಲ್ಲಿ ದನಿ ಒಡೆಯುವಾಗ, ಮೊಡವೆ ಮೂಡುವಾಗ ಅದು ಇನ್ನಷ್ಟು ಕಾಡುವುದೂ ಸಹಜವೇ. ಒಂಟಿಯಾಗಿರಲು ಇಷ್ಟಪಡುವ ಮಗುವಿನ ಮಾತು ಬೇರೆ. ಸಂಕೋಚದ ಮಗುವಿಗೆ ಜನ ಬೇಕು, ಅವರ ಬಳಿ ಹೋಗಲು ಭಯ. ಆ ಭಯ ಹಿಂದೆ ಉಪದೇಶದಿಂದ ಹೋಗುತ್ತಿರಲಿಲ್ಲ, ಬಲವಂತದ ರೂಢಿಯಿಂದ ಸವೆಯುತ್ತಿತ್ತು. ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬಾ, ಶೆಟ್ಟರ ಅಂಗಡಿಯಲ್ಲಿ ಲೆಕ್ಕಕ್ಕೆ ಬರೆಸಿ ಸಕ್ಕರೆ ತಾ, ನೆಂಟರು ಬಂದಿದ್ದಾರೆ ನೀರು ಕೊಡು, ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಿ ಇಸಕೊ. ಬೇಡವೆಂದರೆ ಬಿಡುವವರಿರಲಿಲ್ಲ. ತೊದಲಿದರೆ ಅಂಗಡಿಯವನು ನಗುತ್ತಿದ್ದ, ಮಾರನೆಯ ದಿನ ಮರೆಯುತ್ತಿದ್ದ.

ಆ ಕೆಲಸಗಳೆಲ್ಲ ಈಗ ಮಾತಿಲ್ಲದೆ ಮುಗಿಯುತ್ತವೆ. ದಿನಸಿ ಬಾಗಿಲಿಗೆ ಬರುತ್ತದೆ, ದುಡ್ಡು ಸ್ಕ್ಯಾನ್ ಮಾಡಿದರೆ ಹೋಗುತ್ತದೆ. ನೆಂಟರು ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ. ‘ಅವನಿಗೆ ನಾಚಿಕೆ ಸ್ವಭಾವ’ ಎಂದು ತಾಯಿ ಸಮಜಾಯಿಷಿ ಕೊಟ್ಟು ಕಾಫಿ ತರುತ್ತಾಳೆ. ಒಳಗೆ ಅವನು ಅಂಜಿಕೆಯಿಲ್ಲದೆ ಮಾತನಾಡುತ್ತಿರುತ್ತಾನೆ, ಬೆರಳಿನಿಂದ. ಅಲ್ಲಿ ಮುಖ ಕೆಂಪಾದದ್ದು ಯಾರಿಗೂ ಕಾಣುವುದಿಲ್ಲ. ಬರೆದದ್ದನ್ನು ಅಳಿಸಿ ತಿದ್ದಬಹುದು, ಉತ್ತರ ತೋಚದಿದ್ದರೆ ಹತ್ತು ನಿಮಿಷ ಬಿಟ್ಟು ಕೊಡಬಹುದು, ಬೇಡವೆನಿಸಿದರೆ ಹೊರಬೀಳಬಹುದು. ಅಂಜುವ ಮನಸ್ಸಿಗೆ ಇದಕ್ಕಿಂತ ಹಿತವಾದ ಜಾಗ ಎಲ್ಲಿದೆ? ತೊಡಕೂ ಅಲ್ಲೇ ಇದೆ. ಆ ಹಿತ ಒಗ್ಗಿದಷ್ಟೂ ಮುಖಾಮುಖಿ ಮಾತು ಕಷ್ಟವಾಗುತ್ತದೆ, ಕಷ್ಟವಾದಷ್ಟೂ ಫೋನ್ ಹತ್ತಿರವಾಗುತ್ತದೆ. ಕೆಲವೇ ದಿನಗಳಲ್ಲಿ ಅಲ್ಲೂ ಹೊಸ ಅಂಜಿಕೆಗಳು ಹುಟ್ಟುತ್ತವೆ: ನೀಲಿ ಟಿಕ್ ಬಿದ್ದಿದೆ, ಯಾಕೆ ಉತ್ತರವಿಲ್ಲ? ಸ್ಟೇಟಸ್ ಎಷ್ಟು ಜನ ನೋಡಿದರು?

ಅಮೆರಿಕದಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಟರ್ನೆಟ್ ಹೆಚ್ಚು ಬಳಸಿದವರಲ್ಲಿ ಒಂಟಿತನ ಹೆಚ್ಚಿತೆಂದು ಹೇಳಿ ಗದ್ದಲವೆಬ್ಬಿಸಿತ್ತು. 2002ರಲ್ಲಿ ಅವರೇ ಮತ್ತೆ ನೋಡಿದಾಗ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಜನರೊಂದಿಗೆ ಬೆರೆಯುವ ಸ್ವಭಾವದವರಿಗೆ ಇಂಟರ್ನೆಟ್ ಲಾಭ ತಂದಿತ್ತು. ಅಂತರ್ಮುಖಿಗಳಾದವರ ಒಂಟಿತನ ಹೆಚ್ಚಿತ್ತು. ಉಳ್ಳವರಿಗೇ ಇನ್ನಷ್ಟು ಸಿಗುವ ನಿಯಮ ಗೆಳೆತನಕ್ಕೂ ಅನ್ವಯಿಸಿತು ಎನ್ನೋಣ. ಸಂಕೋಚವೇ ಮಕ್ಕಳನ್ನು ಫೋನಿಗೆ ತಳ್ಳುತ್ತದೋ ಫೋನೇ ಸಂಕೋಚವನ್ನು ಬೆಳೆಸುತ್ತದೋ ಎಂಬ ವಾದಕ್ಕೆ ಕೊನೆಯಿಲ್ಲ, ಬಹುಶಃ ಎರಡೂ ನಿಜ. ಉಗ್ಗಿನಿಂದಾಗಿ ಶಾಲೆಯಲ್ಲಿ ಅಪಹಾಸ್ಯಕ್ಕೊಳಗಾದ ಹುಡುಗಿಗೆ ತನ್ನಂಥವರು ಸಿಗುವುದು ಆನ್‌ಲೈನಿನಲ್ಲೇ ಇರಬಹುದು ಎಂಬುದನ್ನೂ ಮರೆಯಬೇಕಿಲ್ಲ.

ಫೋನಿನ ಈ ಗೀಳು ನಗರದ ಉಳ್ಳವರ ಮನೆಯದು ಎಂದುಕೊಂಡವರು ಶಿಕ್ಷಣದ ಸ್ಥಿತಿಗತಿ ಅಳೆಯುವ ಅಸರ್ ಸಮೀಕ್ಷೆಯ ವರದಿ ತೆರೆಯಲಿ. 2024ರ ಆ ಸಮೀಕ್ಷೆ ನಡೆದದ್ದು ಗ್ರಾಮೀಣ ಭಾರತದಲ್ಲಿ. 14ರಿಂದ 16 ವರ್ಷದವರಲ್ಲಿ ಶೇ 82ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಕೋವಿಡ್ ಕಾಲದಲ್ಲಿ ಸಾಲ ಮಾಡಿ ಫೋನ್ ಕೊಡಿಸಿದ ತಂದೆ ತಾಯಿಗೆ ಕೊಟ್ಟ ಕಾರಣ ಓದು ಎಂಬುದಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ 2022ರ ಜನವರಿಯಿಂದ ಅಧಿಕೃತ ಜಾಗವಿದೆ. ನಮ್ಮ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ ತೆರೆದಿತ್ತು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಯಾರು? ಅಂಕ ಕುಸಿದ ಹುಡುಗ, ಫೋನ್ ಕಿತ್ತುಕೊಂಡರೆ ಟಿವಿ ಒಡೆಯುವ ಹುಡುಗ, ಅಪ್ಪನ ಖಾತೆಯಿಂದ ಗೇಮಿಗೆ ದುಡ್ಡು ಸುರಿದ ಹುಡುಗ. ಸಂಕೋಚದ ಮಗು ಏನನ್ನೂ ಒಡೆಯುವುದಿಲ್ಲ. ಪೋಷಕರ ಸಭೆಯಲ್ಲಿ ಅದಕ್ಕೆ ಸಿಗುವುದು ಸರ್ಟಿಫಿಕೇಟು: ‘ನಿಮ್ಮ ಮಗನ ಬಗ್ಗೆ ಏನೂ ಕಂಪ್ಲೇಂಟ್ ಇಲ್ಲ, ತುಂಬಾ ಸೈಲೆಂಟ್’. ಹೆಣ್ಣುಮಗುವಾದರಂತೂ ಮುಗಿಯಿತು, ತಲೆ ಎತ್ತದೆ ಕೂರುವುದನ್ನು ಸಂಸ್ಕಾರವೆಂದೇ ಕರೆಯುವ ಸಮಾಜ ಅವಳ ಭಯವನ್ನು ಗುರುತಿಸುವುದು ಹೇಗೆ?

ಸರ್ಕಾರಗಳಿಗೆ ತೋಚುವುದು ಬೀಗ. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿರ್ಬಂಧಿಸಿದೆ. ಕರ್ನಾಟಕ ಹೈಕೋರ್ಟ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಾರ್ಪ್ (ಹಿಂದಿನ ಟ್ವಿಟರ್) ಮೇಲ್ಮನವಿಯ ವಿಚಾರಣೆ ವೇಳೆ, ಶಾಲಾ ಮಕ್ಕಳನ್ನು ಇದರಿಂದ ದೂರವಿಡುವುದೇ ಒಳಿತೆಂದು ಮೌಖಿಕವಾಗಿ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಡಿವಾಣ ಹಾಕಿತು. ನಿಷೇಧವೇ ತಪ್ಪೆಂದು ನಾವು ಹೇಳುತ್ತಿಲ್ಲ. ಕೊನೆಯಿಲ್ಲದ ರೀಲ್ಸ್ ಉಣಿಸಿ ದುಡ್ಡು ಎಣಿಸುವ ಕಂಪನಿಗಳ ಮೇಲೆ ಕನಿಕರವೂ ಇಲ್ಲ. ಆದರೆ ಬೆರೆಯಲಾರದ ಮಗುವಿನ ಕೈಯಿಂದ ಫೋನ್ ಕಸಿದು ‘ಹೊರಗೆ ಹೋಗಿ ಆಡು’ ಎಂದರೆ ಅದು ಹೋಗುವುದಾದರೂ ಎಲ್ಲಿಗೆ?

ಹೊರಗೆ ಎಂಬುದನ್ನೇ ನಾವು ಮುಚ್ಚುತ್ತ ಬಂದಿದ್ದೇವೆ. ಬಡಾವಣೆಯ ಖಾಲಿ ಸೈಟುಗಳಲ್ಲಿ ಕಟ್ಟಡಗಳು ಎದ್ದಿವೆ, ಪಾರ್ಕಿನ ಗೇಟಿಗೆ ‘ಇಲ್ಲಿ ಆಟವಾಡಬಾರದು’ ಎಂಬ ಫಲಕ ಬಂದಿದೆ. ಪ್ರತಿಭಾ ಕಾರಂಜಿ ಇದೆ. ಅದರಲ್ಲಿ ವೇದಿಕೆ ಏರುವುದು ಪ್ರತಿವರ್ಷ ಬಹುಮಾನ ತರುವ ಅದದೇ ಮಕ್ಕಳು. ಮಕ್ಕಳ ಗ್ರಾಮಸಭೆ ಎಂಬ ಒಳ್ಳೆಯ ಯೋಜನೆ ನಮ್ಮ ಪಂಚಾಯಿತಿಗಳಲ್ಲಿದೆ. ಮೇಷ್ಟರು ಬರೆದುಕೊಟ್ಟ ಎರಡು ಪ್ರಶ್ನೆಗಳನ್ನು ಚುರುಕಾದ ಇಬ್ಬರು ಓದಿದರೆ ಫೋಟೊ ತೆಗೆದು ಸಭೆ ಮುಗಿಸುವುದು ಎಷ್ಟೋ ಕಡೆ ರೂಢಿಯಾಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಆಂತರಿಕ ಅಂಕಗಳನ್ನು ಮಗು ಮಾತಾಡಿತೇ ಎಂದು ನೋಡದೆ ಕಣ್ಣುಮುಚ್ಚಿ ತುಂಬುವುದೂ ಗುಟ್ಟಲ್ಲ. ಬಾಯಿ ಬಿಡದೆ ಹತ್ತನೇ ತರಗತಿ ದಾಟಬಹುದಾದ ವ್ಯವಸ್ಥೆ ಇದು.

ನೆರವಿನ ಬಾಗಿಲುಗಳು ಇಲ್ಲವೆಂದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಅಪರಿಚಿತರಿಗೆ ಕರೆ ಮಾಡಲು ಕೈ ನಡುಗುವ ಮಗುವಿಗೆ ಕರೆ ಮಾಡು ಎನ್ನುವ ಪೋಸ್ಟರ್ ಅಂಟಿಸಿ ಇಲಾಖೆಗಳು ಕೈತೊಳೆದುಕೊಳ್ಳುವಂತಿಲ್ಲ. ಕರೆ ಮಾಡಬೇಕಾದವರು ಕ್ಲಾಸ್ ಟೀಚರ್, ಅಮ್ಮ, ಚಿಕ್ಕಪ್ಪ. ತಿಂಗಳುಗಟ್ಟಲೆ ಬಾಯಿ ತೆರೆಯದ ಮಗುವನ್ನು ಗೈರುಹಾಜರಾದ ಮಗುವಿನಷ್ಟೇ ಕಾಳಜಿಯಿಂದ ಗುರುತಿಸಲು ಶಿಕ್ಷಕರಿಗೆ ತರಬೇತಿ ಬೇಕು. ಇಡೀ ತರಗತಿಯ ಎದುರು ಎಬ್ಬಿಸಿ ನಿಲ್ಲಿಸುವ ಬದಲು ನಾಲ್ಕು ಮಕ್ಕಳ ಗುಂಪಿನಲ್ಲಿ ಮಾತಿಗೆಳೆಯುವ ಉಪಾಯ ಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ವೇಳಾಪಟ್ಟಿಯಲ್ಲಿ ಸಮಯ ಬೇಕು. ಆ ಸಮಯ ಈಗ ಏನಾಗುತ್ತಿದೆ ಎಂಬುದು ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆಲ್ಲ ಗೊತ್ತು. ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುತ್ತದೆಂಬ ಹೆದರಿಕೆಯಲ್ಲಿ, ಜನವರಿ ಬಂತೆಂದರೆ ಆಟದ ಪೀರಿಯಡ್ಡನ್ನೂ ಚಿತ್ರಕಲೆಯ ಪೀರಿಯಡ್ಡನ್ನೂ ಗಣಿತ, ವಿಜ್ಞಾನಕ್ಕೆ ಕೊಟ್ಟು, ಮಕ್ಕಳನ್ನು ಸದ್ದಿಲ್ಲದೆ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಾಗುತ್ತದೆ. ಈ ನೋಟಿಸು ಕಳಿಸುವ ಶಿಕ್ಷಣ ಇಲಾಖೆಯೇ ಮೊದಲು ಉತ್ತರ ಕೊಡಬೇಕು.