ನಷ್ಟವನ್ನು ಅಳೆಯುವ ಕೈ ಯಾರದು?

2021ರ ನವೆಂಬರಿನಲ್ಲಿ ಸುರಿದ ಅಕಾಲದ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ನೀರು ಬಂತೆಂದು ಹಿಗ್ಗುವಷ್ಟರಲ್ಲಿಯೇ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲಿ ಮಲಗಿತು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಮಳೆ ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ, ನಷ್ಟ ಹಾಗಲ್ಲ. ದೊಡ್ಡ ಸಾಹುಕಾರನಿಗೆ ವಿಮೆಯುಂಟು, ವಕೀಲನುಂಟು. ಸಣ್ಣ ವ್ಯಾಪಾರಿಗೆ ಇರುವುದು ಕೈಸಾಲ ಒಂದೇ.

ವಿಮೆ ಮಾಡಿಸಿದ ಸಣ್ಣವನ ಪಾಡಾದರೂ ಏನು? ಅವನ ಹಣ ಒಬ್ಬ ವ್ಯಕ್ತಿಯ ವರದಿಯ ಮೇಲೆ ನಿಂತಿರುತ್ತದೆ. ಅವನೇ ಸರ್ವೇಯರ್, ಅಂದರೆ ನಷ್ಟವನ್ನು ಅಂದಾಜು ಮಾಡುವವನು. 1938ರ ವಿಮಾ ಕಾಯಿದೆಯ 64-ಯುಎಂ ಕಲಮಿನ ಪ್ರಕಾರ, ಗೊತ್ತುಪಡಿಸಿದ ಮೊತ್ತವನ್ನು ಮೀರಿದ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರನ ವರದಿಯಿಲ್ಲದೆ ಸಾಮಾನ್ಯವಾಗಿ ಇತ್ಯರ್ಥ ಮಾಡುವಂತಿಲ್ಲ. ಅವನು ಕಂಪನಿಯ ನೌಕರನಲ್ಲ, ಸ್ವತಂತ್ರ ವೃತ್ತಿಯವನು. ಆದರೆ ಅವನನ್ನು ಕಳಿಸುವುದೂ ಕಂಪನಿ, ಅವನಿಗೆ ಶುಲ್ಕ ಕೊಡುವುದೂ ಕಂಪನಿ. ತಕ್ಕಡಿ ಯಾರ ಕಡೆ ವಾಲಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ನಮ್ಮ ತರುಣರು ಈ ವೃತ್ತಿಗೆ ಇಳಿಯಬೇಕೆಂದು ನಾವು ಹೇಳುತ್ತೇವೆ. ಶಿಡ್ಲಘಟ್ಟದ ರೀಲಿಂಗ್ ಮನೆಯಲ್ಲಿ ಗೂಡು ನೆನೆದರೆ ಎಷ್ಟು ದಿನ ತಡೆಯುತ್ತದೆ, ದ್ವಿತಳಿ ಗೂಡಿಗೂ ಮಿಶ್ರತಳಿ ಗೂಡಿಗೂ ಬೆಲೆಯಲ್ಲಿ ಅಂತರವೆಷ್ಟು ಎಂಬುದು ಆ ಊರಿನ ಹುಡುಗನಿಗೆ ಗೊತ್ತು. ಚಿಂತಾಮಣಿಯ ಮಂಡಿಯಲ್ಲಿ ಕೆಳಸಾಲಿನ ಮೂಟೆ ಕೊಳೆತು ಮೇಲಿನದು ಉಳಿದದ್ದನ್ನು ಗುರುತಿಸಬಲ್ಲವನೂ, ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಸರು ಹೊಕ್ಕ ಮೋಟಾರು ರಿಪೇರಿಗೆ ಬರುವುದೋ ಗುಜರಿಗೆ ಹೋಗುವುದೋ ಹೇಳಬಲ್ಲವನೂ ದುಡಿಯುವವರ ಮನೆಯಿಂದಲೇ ಬಂದಾನು.

ದಾರಿ ಇದು. ಮೊದಲು ಎಂಜಿನಿಯರಿಂಗ್, ಲೆಕ್ಕಪರಿಶೋಧನೆ ಮುಂತಾದ ನಿಗದಿಯಾದ ವಿದ್ಯಾರ್ಹತೆ ಬೇಕು. ಬರಿಯ ಮೆಟ್ರಿಕ್ ಸಾಲದು. ಅನಂತರ ಹೈದರಾಬಾದಿನಲ್ಲಿರುವ ಸರ್ವೇಯರುಗಳ ಸಂಸ್ಥೆಯಲ್ಲಿ ವಿದ್ಯಾರ್ಥಿ ಸದಸ್ಯನಾಗಬೇಕು, ಪರವಾನಗಿಯುಳ್ಳ ಹಿರಿಯನ ಕೈಕೆಳಗೆ ಕಲಿಯಬೇಕು, ಪರೀಕ್ಷೆ ಪಾಸು ಮಾಡಬೇಕು. 2015ರ ನಿಯಮಾವಳಿ ಈ ಕಲಿಕೆಗೆ 12 ತಿಂಗಳನ್ನೂ ಪರವಾನಗಿಗೆ 3 ವರ್ಷದ ಅವಧಿಯನ್ನೂ ಗೊತ್ತುಮಾಡಿತು. ಬೆಂಕಿ, ಎಂಜಿನಿಯರಿಂಗ್, ಮೋಟಾರು, ಬೆಳೆ ಎಂದು ವಿಭಾಗಗಳು ಬೇರೆ ಬೇರೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಚಂಡಮಾರುತದ ಬೆನ್ನು ಹತ್ತಿ ಊರೂರು ತಿರುಗಿ ಸಂಪಾದಿಸುವ ಅಂದಾಜುದಾರರಿದ್ದಾರೆ. ಅದನ್ನು ಕೇಳಿ ಇಲ್ಲಿ ಯಾರೂ ಪ್ರಳಯಕ್ಕಾಗಿ ಕಾದು ಕೂರಬಾರದು. ಇಲ್ಲಿ ದಿನದ ಅನ್ನ ಮೋಟಾರು ಅಪಘಾತ, ಅಂಗಡಿ ಬೆಂಕಿಯಂಥ ಕೆಲಸಗಳಿಂದಲೇ. ಸಂಬಳವಿಲ್ಲ, ಮೊದಲ ವರ್ಷಗಳು ಬಡವಾಗಿಯೇ ಇರುತ್ತವೆ. ನಡತೆ ಕೆಟ್ಟರೆ ವೃತ್ತಿಯೂ ಕೆಟ್ಟಿತು. ವ್ಯಾಪಾರಿಯ ಪರವಾಗಿ ನಷ್ಟವನ್ನು ಹಿಗ್ಗಿಸುವುದೂ ಕಂಪನಿಯ ಪರವಾಗಿ ಕುಗ್ಗಿಸುವುದೂ ಒಂದೇ ಜಾತಿಯ ಕಳ್ಳತನ.

ವ್ಯಾಪಾರಸ್ಥ ಬಂಧುಗಳಿಗೂ ನಾಲ್ಕು ಮಾತು. 5 ಕೋಟಿ ರೂಪಾಯಿಯವರೆಗಿನ ಆಸ್ತಿಯ ಸಣ್ಣ ಉದ್ಯಮಗಳಿಗೆಂದು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ವಿಮೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಪ್ರವಾಹವೂ ಸೇರಿದೆ. ಆದರೆ ಕಂತು ಉಳಿಸಲೆಂದು 10 ಲಕ್ಷದ ಸರಕಿಗೆ 5 ಲಕ್ಷಕ್ಕೆ ವಿಮೆ ಮಾಡಿಸಿದರೆ, 2 ಲಕ್ಷ ನಷ್ಟಕ್ಕೆ 1 ಲಕ್ಷ ಮಾತ್ರ ಸಿಕ್ಕೀತು. ನೀರು ನುಗ್ಗಿದೊಡನೆ ತಿಳಿಸಿ. ತೊಳೆಯುವ ಮುನ್ನ ಫೋಟೋ ತೆಗೆಯಿರಿ. ಕೆಟ್ಟ ಸರಕನ್ನು ಸರ್ವೇಯರ್ ನೋಡುವ ಮುಂಚೆ ಎಸೆಯಬೇಡಿ. ಲೆಕ್ಕದ ಪುಸ್ತಕದ ನಕಲೊಂದು ಅಂಗಡಿಯ ಹೊರಗೆ ಇರಲಿ. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಸರ್ವೇಯರನ ವರದಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ.

ಸಾಮಾನ್ಯ ವಿಮೆಯನ್ನು 1973ರ ಜನವರಿ 1ರಂದು ರಾಷ್ಟ್ರೀಕರಣ ಮಾಡಿದಾಗ ಅದು ಜನರ ಸ್ವತ್ತಾಯಿತೆಂದರು. 1999ರ ಕಾಯಿದೆಯ ತರುವಾಯ ಖಾಸಗಿಯವರು ಮರಳಿ ಬಂದರು. ಕಂಪನಿ ಯಾರದೇ ಇರಲಿ, ಒದ್ದೆ ಮೂಟೆಯ ಮುಂದೆ ನಿಂತು ಲೆಕ್ಕ ಬರೆಯುವವನು ನಮ್ಮ ಕಷ್ಟ ಬಲ್ಲವನಾಗಿರಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ತಾಲ್ಲೂಕಿಗೊಬ್ಬ ಓದಿದ ತರುಣನ ಕಲಿಕೆಯ ವರ್ಷಕ್ಕೆ ಊಟ, ಬಸ್ ಚಾರ್ಜು ವಹಿಸಿಕೊಳ್ಳಲಿ. ಕೋಡಿ ಬಿದ್ದ ಮೇಲೆ ಮಣ್ಣು ಹುಡುಕುವವರಾಗುವುದು ಬೇಡ.